ಕರಿಯಪ್ಪನ ಉಡಿದಾರದ ಡಬ್ಬಿ

ಗುಜರಿ ಕರಿಯಪ್ಪ ಕಿವಿ ಚೆನ್ನಾಗಿದ್ದ ಕಾಲದಲ್ಲಿ ಯಾವ ಪಾತ್ರೆಯನ್ನೂ ನೇರವಾಗಿ ತಕ್ಕಡಿಗೆ ಹಾಕುತ್ತಿರಲಿಲ್ಲ. ಮೊದಲು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟುವನು, ತಲೆ ಓರೆ ಮಾಡಿ ಕೇಳುವನು, ಆಮೇಲೆ "ಇದು ಇತ್ತಾಳೆ ಅಲ್ಲ ಕಣವ್ವ, ಮ್ಯಾಲೆ ಬಣ್ಣ ಬಳ್ದವ್ರೆ" ಎನ್ನುವನು. ನಂಜನಗೂಡಿನ ನಮ್ಮ ಬೀದಿಯಿಂದ ಸೈಕಲ್ಲಿನಲ್ಲಿ ಹೊರಟರೆ ಒಂದು ದಿನ ಕಳಲೆ ಕಡೆ, ಇನ್ನೊಂದು ದಿನ ತಗಡೂರು ಕಡೆ. "ಅಳೇ ಕಬ್ಣಾ, ಅಳೇ ಪೇಪ್ರೂ, ಒಡ್ದ ಕೊಡಾ" ಎಂದು ಅವನು ಕೂಗುವುದನ್ನು ಕೇಳಿ ಮಕ್ಕಳು ಹಿಂದೆಯೇ ಕೂಗುತ್ತಾ ಓಡುತ್ತಿದ್ದವು.

ಬೇರೆ ಗುಜರಿಯವರು ವೈರಿನ ಸುರುಳಿಯನ್ನು ಹೊಳೆ ದಂಡೆಗೆ ಒಯ್ದು ಬೆಂಕಿ ಇಟ್ಟು ತಾಮ್ರ ತೆಗೆಯುತ್ತಿದ್ದರು. ಮೊದಮೊದಲು ಇವನೂ ಹಾಗೇ ಮಾಡುತ್ತಿದ್ದ. ಹೆಂಡತಿ ಮುತ್ತಮ್ಮ ಬಸುರಿಯಾಗಿದ್ದಾಗ ಅವನ ಬಟ್ಟೆಗೆ ಹತ್ತಿದ ಆ ಹೊಗೆಯ ವಾಸನೆಗೇ ಅವಳಿಗೆ ಓಕರಿಕೆ ಬರುತ್ತಿತ್ತು. ಅಂದಿನಿಂದ ಬೆಂಕಿ ಬಿಟ್ಟ. ಒಂದು ಮೊಂಡು ಚಾಕು ಇಟ್ಟುಕೊಂಡು, ಹುರುಳಿಕಾಯಿಯ ನಾರು ತೆಗೆದ ಹಾಗೆ, ವೈರಿನ ಸಿಪ್ಪೆ ಸುಲಿಯುವುದನ್ನು ಅಭ್ಯಾಸ ಮಾಡಿಕೊಂಡ. ಹೊತ್ತು ಹಿಡಿಯುವ ಕೆಲಸ. ಆ ಹೊಟ್ಟೆಯಲ್ಲಿದ್ದ ಮಗಳು ಸುನೀತಾ ಹುಟ್ಟಿ, ಬೆಳೆದು, ಮದುವೆಯಾಗಿ, ಗಾರ್ಮೆಂಟ್ಸಿಗೆ ಹೋಗಿ ಬಂದು ಸಂಸಾರ ಮಾಡುವಷ್ಟು ಕಾಲ ಆದರೂ ಅವನು ಸುಲಿಯುತ್ತಲೇ ಇದ್ದಾನೆ.

ಎಂಟು ವರ್ಷದ ಹಿಂದೆ ಕಿವಿ ಮಂದವಾಗತೊಡಗಿತು. ಮೊದಲು ಹಕ್ಕಿಯ ಸದ್ದು ಹೋಯಿತಂತೆ, ಆಮೇಲೆ ಮುತ್ತಮ್ಮನ ಬಳೆಯ ಸದ್ದು, ಆಮೇಲೆ ಅವಳ ಮಾತು. ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ಕಿವಿ ಮಿಷನ್ನು ಸದಾ ಕುಯ್ ಎನ್ನುತ್ತದೆ ಎಂದು ಅದನ್ನು ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ, ಹಾಗೇ ಮುಚ್ಚಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟ. ವ್ಯಾಪಾರ ಮಾತ್ರ ಬಿಡಲಿಲ್ಲ. ಪಾತ್ರೆಯ ಅಂಚನ್ನು ದವಡೆ ಮೂಳೆಗೆ ಒತ್ತಿ ಹಿಡಿದು ತಟ್ಟಿ ನೋಡುವುದನ್ನು ಕಲಿತ. ಹಿತ್ತಾಳೆ ಹಲ್ಲಿನ ಬುಡದಲ್ಲಿ ಬೇರೆ ತರಹ ನಡುಗುತ್ತದಂತೆ.

ಸೈಕಲ್ ಸುತ್ತಾಟ ನಿಲ್ಲಿಸಿ ಮನೆಯ ಮುಂದೆ ತಗಡಿನ ಮಾಡು ಇಳಿಸಿ ಅಂಗಡಿ ಮಾಡಿಕೊಂಡ. ಅಂಗಡಿ ದೊಡ್ಡ ರಸ್ತೆಗೆ. ಅದರ ಹಿಂದೆ ಮನೆ. ಮನೆಯ ಪಕ್ಕದ ಬಾಗಿಲು ನಮ್ಮ ಗಲ್ಲಿಗೆ ತೆರೆದುಕೊಳ್ಳುತ್ತದೆ. ಆ ಬಾಗಿಲಿನ ಎದುರಿಗೇ ನಮ್ಮ ಜಗಲಿ. ನನ್ನನ್ನು ಅವನು ಅಕ್ಕ ಎನ್ನುತ್ತಾನೆ. ನನ್ನ ಬಾಯಿ ನೋಡಿ ಮಾತು ತಿಳಿಯುವುದು ಅವನಿಗೆ ಅಭ್ಯಾಸವಾಗಿದೆ, ಹಾಗಾಗಿ ಅವನಿಗೆ ಏನಾದರೂ ಹೇಳಬೇಕಾದವರು ಮೊದಲು ನನ್ನ ಹತ್ತಿರ ಬರುತ್ತಾರೆ.

ಅವನ ಕಿವಿ ಹೋದ ಮೇಲೆ ಮುತ್ತಮ್ಮನ ನೆನಪು ಹೋಗತೊಡಗಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನಕ್ಕೆವು. ರಾಗಿ ಹಿಟ್ಟನ್ನು ಕುಡಿಯುವ ನೀರಿನ ಕೊಡಕ್ಕೆ ಸುರಿದಾಗ ನಗಲಿಲ್ಲ. ಸುನೀತಾಳನ್ನು ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದ ದಿನ ಆ ಹುಡುಗಿ ನಮ್ಮ ಅಡುಗೆಮನೆಗೆ ಬಂದು ಅತ್ತು, ಮುಖ ತೊಳೆದುಕೊಂಡು ಹೋದಳು.

ಆಮೇಲೆ ಹೊರಡುವುದು ಶುರುವಾಯಿತು. ಮಧ್ಯಾಹ್ನ ಊಟವಾಗಿ ಬೀದಿ ತೂಕಡಿಸುವ ಹೊತ್ತು ಬಂತೆಂದರೆ ಮುತ್ತಮ್ಮ ಸೆರಗು ಸರಿ ಮಾಡಿಕೊಂಡು ಗಲ್ಲಿ ಬಾಗಿಲಿನಿಂದ ಆಚೆ ಬರುವಳು. "ಸೋಸಲೆಗೆ ಓಗ್ಬೇಕು, ಅವ್ವ ಕಾಯ್ತವ್ಳೆ" ಎನ್ನುವಳು. ಸೋಸಲೆ ಅವಳ ತವರು. ಅವಳ ಅವ್ವ ಸತ್ತು ಮೂವತ್ತು ವರ್ಷ. ನಾನು ಎಚ್ಚರವಿದ್ದರೆ ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದೆ. ಎಪ್ಪತ್ತನಾಲ್ಕರ ನನ್ನಂಥ ಮುದುಕಿಗೆ ಆ ಹೊತ್ತಿನಲ್ಲಿ ರೆಪ್ಪೆ ನಿಲ್ಲುವುದಿಲ್ಲ. ಮುಂದೆ ಅಂಗಡಿಯಲ್ಲಿ ಕೂತ ಕರಿಯಪ್ಪನಿಗೆ ಬಾಗಿಲು ಕಿರ್ರೆಂದರೂ ಕೇಳುವುದಿಲ್ಲ.

ಮೊದಲಾಗಿದ್ದರೆ ಕೈಯಲ್ಲಿ ಕಾಸಿಲ್ಲದವಳು ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸ್ಸು ಬರುತ್ತಿದ್ದಳು. ಈಗ ಹೆಂಗಸರಿಗೆ ಬಸ್ಸು ಫ್ರೀ. ರವಿಕೆಯೊಳಗೆ ಆಧಾರ್ ಕಾರ್ಡು ಇರುತ್ತಿತ್ತು, ತೋರಿಸಿದಳು, ಹತ್ತಿದಳು. ಮೊದಲ ಸಲ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೂವಿನವಳ ಪಕ್ಕ ಹೂ ಕಟ್ಟುತ್ತಾ ಕೂತಿದ್ದಳು. ಕರಿಯಪ್ಪ ಕಾರ್ಡನ್ನು ಬಚ್ಚಿಟ್ಟ. ಎರಡನೇ ಸಲ ಕಾರ್ಡಿಲ್ಲದೆಯೇ ಹೋದಳು. ವಯಸ್ಸಾದವಳನ್ನು ಯಾರು ಇಳಿಸುತ್ತಾರೆ? ನರಸೀಪುರದಲ್ಲಿ ಇಳಿದು ಸೋಸಲೆಗೆ ನಡೆದೇ ಹೊರಟು, ದಾರಿ ತಪ್ಪಿ, ಬರಿಗಾಲಲ್ಲಿ ಬಿಸಿಲಿಗೆ ಬಿದ್ದಿದ್ದಳು. ಯಾರೋ ಕಬ್ಬಿನ ಗಾಡಿಯವರು ನೋಡಿ ಆಸ್ಪತ್ರೆಗೆ ಸೇರಿಸಿದರು. ಅಂಗಾಲೆಲ್ಲ ಬೊಬ್ಬೆ. ಅದು ಕಾರ್ತಿಕ ಮಾಸದಲ್ಲಿ.

ಆಸ್ಪತ್ರೆಯಿಂದ ಕರೆತಂದ ದಿನ ಸುನೀತಾ ಅಂಗಡಿಯ ಮುಂದೆ ನಿಂತು ಕೈಯಾಡಿಸಿ ಕೈಯಾಡಿಸಿ ಹೇಳಿದಳು.

"ಅಪ್ಪ, ಬಾಗ್ಲಿಗೆ ಬೀಗ ಆಕು. ಇಲ್ಲಾಂದ್ರೆ ಮೈಸೂರಲ್ಲಿ ವಯಸ್ಸಾದೋರ್ನ ನೋಡ್ಕೊಳೋ ಮನೆ ಒಂದದೆ, ಅಲ್ಲಿಗೆ ಸೇರುಸ್ತೀನಿ. ನಾನು ಕೆಲ್ಸಕ್ಕೋಗಿ ಮಿಷನ್ ಮುಂದೆ ಕೂತ್ರೂ ಕಣ್ಮುಂದೆ ಅವ್ವನ ಕಾಲೇ ಬತ್ತದೆ."

ಅವಳ ಮಾತನ್ನು ನಾನು ನಿಧಾನವಾಗಿ ಅವನಿಗೆ ದಾಟಿಸಿದೆ. ಅವನು ವೈರು ಕೆಳಗಿಟ್ಟ.

"ಬೀಗ ಆಕಕ್ಕೆ ಅವ್ಳೇನು ಕಳ್ಳೀನಾ? ಈ ಮನೆಗೆ ನಾನು ಕರ್ಕೊಂಡ್ ಬಂದಿದ್ದು ಬಾಗ್ಲು ತೆಗ್ದು."

"ಹಂಗಾರೆ ಸಂಕ್ರಾಂತಿ ಗಂಟ ನೋಡ್ತೀನಿ. ಇನ್ನೊಂದ್ ಸಲ ಓದ್ರೆ ನೀನ್ ಏನಂದ್ರೂ ಕೇಳಲ್ಲ" ಎಂದಳು. ಮಗಳು ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೆ.

ಅದೇ ವಾರದಲ್ಲಿ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಮಕ್ಕಳು ಅಂಗಡಿಗೆ ಬಂದರು. ಹುಡುಗಿ ಸಿಂಧು, ನಮ್ಮೂರಿನ ಮೇಷ್ಟರ ಮಗಳೇ. ಹುಡುಗ ಚಿರಂತನ, ಮೈಸೂರಿನವನು, ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇರುತ್ತದೆ. ಜನ ಎಸೆದ ಫೋನು, ಮಿಕ್ಸಿ, ರಿಮೋಟು ಇವುಗಳ ಭಾಗಗಳನ್ನು ಮತ್ತೆ ಬಳಸಿ ವಯಸ್ಸಾದವರ ಮನೆಗೆ ಉಪಯೋಗವಾಗುವ ಸ್ಮಾರ್ಟ್ ಸಾಮಾನು ಮಾಡುವುದು ಅವರ ಪ್ರಾಜೆಕ್ಟು. ಹಳೇ ಮೊಬೈಲು ಬೇಕಾಗಿ ಬಂದಿದ್ದರು. ಜೊತೆಗೆ ನಲವತ್ತು ಪ್ರಶ್ನೆಯ ಒಂದು ಕಾಗದ, ವಯಸ್ಸಾದವರನ್ನು ಕೇಳುವುದಕ್ಕೆ.

"ನಿಮ್ಮ ಮನೇಲಿ ವೈಫೈ ಇದೆಯಾ ತಾತ?" ಎಂದು ಚಿರಂತನ ಕೂಗಿದ.

ನಾನು ಬಾಯಿ ಆಡಿಸಿ ತೋರಿಸಿದೆ. ಕರಿಯಪ್ಪ ಎದ್ದು ಒಂದು ಮೂಟೆ ತಂದು ಮುಂದೆ ಸುರಿದ. ದೀಪ ಆರಿದ ವೈಫೈ ಡಬ್ಬಿಗಳು. "ಆರೇಳವೆ ಕಣಪ್ಪ. ಎಷ್ಟು ಬೇಕು?"

ಹುಡುಗಿ ನಕ್ಕು ಕಾಗದ ಮಡಚಿಟ್ಟಳು. ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ, "ತಾತ, ನಿಮಗೇನು ಬೇಕು?" ಎಂದಳು.

ಅವನನ್ನು ಹಾಗೆ ಯಾರೂ ಕೇಳಿರಲಿಲ್ಲವೋ ಏನೋ. ಚಾಕುವನ್ನು ಎರಡು ಸಲ ತೊಡೆಗೆ ಒರೆಸಿದ.

"ನಂಗೇನೂ ಬ್ಯಾಡ ಕಣವ್ವ. ನಮ್ಮವ್ಳು ಆಚೆಗೆ ಕಾಲಿಟ್ರೆ ನಂಗೊತ್ತಾಗ್ಬೇಕು. ಅಷ್ಟು ಮಾಡ್ಕೊಡಿ, ಈ ಮೂಟೆ ಎಲ್ಲಾ ತಗೊಂಡೋಗಿ."

ಅಲ್ಲಿಂದ ನಮ್ಮ ಜಗಲಿ ಅವರ ಕಾಲೇಜಾಯಿತು. ವಾರಕ್ಕೆ ಎರಡು ಮೂರು ಸಲ ಮಧ್ಯಾಹ್ನದ ರೈಲಿಗೆ ಬರುವರು. ನಾನು ಒತ್ತು ಶಾವಿಗೆ ಮಾಡಿದ ದಿನ ಚಿರಂತನ ಸಂಜೆಯ ರೈಲು ಬಿಟ್ಟು ಅದರ ಮುಂದಿನದಕ್ಕೆ ಹೋಗುತ್ತಿದ್ದ.

ಮೊದಲು ಮಾತಾಡುವ ಒಂದು ಪೆಟ್ಟಿಗೆ ತಂದು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟರು. ಯಾರಾದರೂ ಹತ್ತಿರ ಬಂದರೆ ಸಾಕು, "ಅಜ್ಜಿ, ಹೊರಗೆ ಹೋಗಬೇಡಿ, ಒಳಗೆ ಕೂತ್ಕೊಳ್ಳಿ" ಎಂದು ಸಿಂಧುವಿನ ಗಂಟಲಿನಲ್ಲಿ ಹೇಳುತ್ತಿತ್ತು. ಮುತ್ತಮ್ಮ ಬಹಳ ಹೊತ್ತು ಅದನ್ನು ನೋಡಿದಳು.

"ನೀನ್ಯಾಕವ್ವ ಗೂಡಲ್ಲಿ ಕೂತಿದ್ದೀಯೆ? ಒಳೀಕೆ ಬಾ" ಎಂದಳು. ಅದು ಮತ್ತೆ ಅದನ್ನೇ ಹೇಳಿತು. "ನಾಚ್ಕೋತಾಳೆ" ಎಂದು ನನ್ನ ಕಡೆ ತಿರುಗಿ ಹೇಳಿ, ಒಳಗೆ ಹೋಗಿ, ಒಂದು ಲೋಟ ಕಾಫಿ ತಂದು ಪೆಟ್ಟಿಗೆಯ ಮುಂದೆ ಇಟ್ಟಳು. ಮಾರನೆಯ ದಿನ ಕಾಫಿಯ ಜೊತೆ ಒಂದು ನಿಪ್ಪಟ್ಟು. ಮೂರನೆಯ ದಿನ ಆ ನಿಪ್ಪಟ್ಟಿನ ಇರುವೆ ಪೆಟ್ಟಿಗೆಯೊಳಗೆ ಹೋಗಿ ಪೆಟ್ಟಿಗೆಯ ಮಾತು ನಿಂತಿತು.

ಇವಳನ್ನು ತಡೆಯುವ ಮಾತು ಬೇಡ, ಕರಿಯಪ್ಪನಿಗೆ ತಿಳಿಸುವ ಗುರುತೇ ಬೇಕು ಎಂದು ಸಿಂಧುವಿಗೆ ಆಗ ಅನ್ನಿಸಿತು. ಸದ್ದು ಕೇಳದವನಿಗೆ ನಡುಕ ತಿಳಿಯುತ್ತದಲ್ಲ. ಫೋನು ಗುರ್ ಎಂದು ನಡುಗುತ್ತದೆ ನೋಡಿ, ಅದರೊಳಗೆ ಕಡಲೆಬೀಜದಷ್ಟು ಒಂದು ಮೋಟರು ಇರುತ್ತದಂತೆ. ಕರಿಯಪ್ಪನ ಸತ್ತ ಫೋನುಗಳಿಂದಲೇ ಅಂಥ ಮೂರನ್ನು ತೆಗೆದು, ತಲೆನೋವಿನ ಮುಲಾಮಿನ ತಗಡು ಡಬ್ಬಿಯಲ್ಲಿ ಕೂರಿಸಿದರು. ಬಾಗಿಲ ಬಳಿ ಗುಂಡಿ ಒತ್ತಿದರೆ ಅಂಗಡಿಯಲ್ಲಿ ಡಬ್ಬಿ ನಡುಗುತ್ತಿತ್ತು. ಗಡಿಯಾರದ ಹಾಗೆ ಕೈಗೆ ಕಟ್ಟಿಕೊಳ್ಳಿ ಎಂದು ಪಟ್ಟಿ ಹೊಲಿಸಿ ತಂದರು. ಕರಿಯಪ್ಪ ಒಂದು ದಿನ ಕಟ್ಟಿಕೊಂಡ, ಪಟ್ಟಿ ವೈರಿನ ಸಿಕ್ಕಿಗೆ ಸಿಕ್ಕಿ ಕೈ ಗೀರಿತು. ಮಾರನೆಯ ದಿನ ಅಂಗಿ ಎತ್ತಿ ತೋರಿಸಿದ. ಡಬ್ಬಿ ಅವನ ಉಡಿದಾರದಲ್ಲಿ ತೂಗುತ್ತಿತ್ತು.

"ಈ ದಾರ ಉಟ್ದಾಗ್ನಿಂದ ನನ್ ಜೊತೇಲದೆ ಕಣವ್ವ. ಸ್ನಾನಕ್ಕೂ ಬಿಚ್ಚಲ್ಲ."

"ಸ್ನಾನಕ್ಕೆ ಮಾತ್ರ ಬಿಚ್ಚಬೇಕು ತಾತ, ಒಳಗೆ ಕರೆಂಟಿದೆ" ಎಂದು ಸಿಂಧು ಕೈ ಮುಗಿದಳು.

ಡಬ್ಬಿಯೇನೋ ಚೆನ್ನಾಯಿತು. ಮುತ್ತಮ್ಮ ಹೊರಟಾಗ ಗುಂಡಿ ಒತ್ತುವವರು ಯಾರು? ಓಡಾಟ ಕಂಡರೆ ತಿಳಿಯುವ ಒಂದು ಕಣ್ಣು ಹಾಕಿದರು. ಬೆಕ್ಕು ಬಂದರೂ ನಡುಗಿತು, ಒಣಗಿಸಿದ ಸೀರೆ ಗಾಳಿಗೆ ಆಡಿದರೂ ನಡುಗಿತು. ಒಂದೇ ಮಧ್ಯಾಹ್ನ ಕರಿಯಪ್ಪ ಹದಿನೇಳು ಸಲ ಪಂಚೆ ಎತ್ತಿಕೊಂಡು ಗಲ್ಲಿಗೆ ಓಡಿ ಬಂದ. ಅದನ್ನು ತೆಗೆದು, ಮನುಷ್ಯರ ಭಾರಕ್ಕೆ ಮಾತ್ರ ಮಣಿಯುವ ಒಂದು ಚಾಪೆ ಮಾಡಿ ಬಾಗಿಲ ಒಳಗೆ ಹಾಸಿದರು. ಟೀವಿ ಪೆಟ್ಟಿಗೆಯ ಸ್ಪಂಜು, ಅದರ ಮೇಲೆ ಕೆಳಗೆ ಬೆಳ್ಳಿ ಕಾಗದ, ಮೇಲೊಂದು ಗೋಣಿ. ಮುತ್ತಮ್ಮನಿಗೆ ಎಲ್ಲ ಮರೆತರೂ ಮನೆಗೆಲಸ ಮರೆತಿಲ್ಲ. ಚಾಪೆ ಕೊಳೆಯಾಗಿದೆ ಎಂದು ಸೋಪು ಹಾಕಿ ಉಜ್ಜಿ ತೊಳೆದು ತಂತಿಯ ಮೇಲೆ ಹರವಿದಳು. ಚಿರಂತನ ಬಂದು ಅದರಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಜಗಲಿಯ ಮೇಲೆ ಕೂತುಬಿಟ್ಟ.

"ಹದಿನೈದು ದಿನದ ಕೆಲಸ ಅಜ್ಜಿ."

"ಚೆನ್ನಾಗಿ ತೊಳ್ದವ್ಳೆ ಕಣಪ್ಪ, ಬೆಳ್ಳಗಾಗದೆ" ಎಂದೆ. ಬೇರೆ ಏನು ಹೇಳಲಿ?

ಆಗ ಧನುರ್ಮಾಸ ಬಂದಿತ್ತು. ಸಂಕ್ರಾಂತಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ತೊಳೆಯಲಾರದ, ಎತ್ತಲಾರದ ಜಾಗ ಎಂದು ಯೋಚಿಸಿ ಆ ಮಕ್ಕಳು ಹೊಸಿಲನ್ನು ಹಿಡಿದರು. ಹಳೇ ಮನೆ, ಹತ್ತಿರ ಹತ್ತಿರ ಮೊಳದೆತ್ತರದ ಹೊಸಿಲು. ಅದರ ಉದ್ದಕ್ಕೂ ತೆಳ್ಳನೆಯ ಒಂದು ಹಲಗೆ ಕೂರಿಸಿ, ಕೆಳಗೆ ಅದೇ ಬೆಳ್ಳಿ ಕಾಗದ, ಸ್ಪಂಜು ಇಟ್ಟು ಸ್ಕ್ರೂ ಹಾಕಿದರು. ಕಾಲೇಜಿನಲ್ಲಿ ನೂರು ಸಲ ಪರೀಕ್ಷೆ ಮಾಡಿದ್ದೇವೆ, ನೂರಕ್ಕೆ ನೂರು ಬಂದಿದೆ ಎಂದು ಹುಡುಗ ಹೇಳಿದ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮಾರನೆಯ ಬೆಳಿಗ್ಗೆ ಮುತ್ತಮ್ಮ ಎಂದಿನಂತೆ ಅರಿಸಿನ ಬಳಿದು, ಹಲಗೆಯ ಮೇಲೂ ರಂಗೋಲಿಯ ಎಳೆ ಎಳೆದು, ನಡುವೆ ಎರಡು ಹೂವಿಟ್ಟಳು. ನೋಡಲು ಚೆಂದವೇ ಇತ್ತು.

ಎಂಟು ದಿನದಲ್ಲಿ ಮೂರು ಸಲ ಮುತ್ತಮ್ಮ ಹೊರಟಳು. ಮೂರು ಸಲವೂ ಡಬ್ಬಿ ನಡುಗಲಿಲ್ಲ. ಎರಡು ಸಲ ನಾನು ನೋಡಿ ಹಿಡಿದೆ. ಮೂರನೆಯ ಸಲ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದಳು, ನರಸೀಪುರದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳಂತೆ. ಅಂದು ಸಂಜೆ ಕರಿಯಪ್ಪ ಅಂಗಡಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ.

"ಸುನೀತಂಗೆ ಏಳ್ಬ್ಯಾಡ ಅಕ್ಕ" ಎಂದ. ಅಷ್ಟೇ ಅಂದದ್ದು.

ವಿಷಯ ತಿಳಿದು ಮಕ್ಕಳಿಬ್ಬರೂ ಓಡಿ ಬಂದರು. ವೈರು ನೋಡಿದರು, ಬ್ಯಾಟರಿ ನೋಡಿದರು. ಎಲ್ಲ ಸರಿಯಿತ್ತು. ಚಿರಂತನ ಬಾಗಿಲಿಗೆ ಹೋಗಿ ಹೊಸಿಲ ಮೇಲೆ ಎರಡೂ ಕಾಲಿಟ್ಟು ನಿಂತ. ಕರಿಯಪ್ಪನ ಸೊಂಟದಲ್ಲಿ ಡಬ್ಬಿ ಗುರ್ ಎಂದಿತು. ಇಳಿದು ಮತ್ತೆ ಹತ್ತಿದ. ಮತ್ತೆ ಗುರ್.

"ಕೆಲಸ ಮಾಡ್ತಿದೆಯಲ್ಲ!" ಎಂದು ಅವನು ಅಲ್ಲೇ ಕುಣಿಯತೊಡಗಿದ. ನನಗೆ ಚುರುಕ್ ಎಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮುತ್ತಮ್ಮ ಪೊರಕೆ ಹಿಡಿದು ಬಂದಳು.

"ಏಯ್, ಇಳೀಲಾ ಕೆಳೀಕೆ! ಒಸ್ಲು ತುಳೀತಾರೇನ್ಲಾ? ನಿಮ್ಮವ್ವ ಅಷ್ಟೂ ಏಳ್ಕೊಟ್ಟಿಲ್ವಾ?"

ತನ್ನ ಮಗಳ ಹೆಸರು ನೆನಪಿಲ್ಲದವಳು. ನನ್ನನ್ನು ಒಮ್ಮೊಮ್ಮೆ ಹಾಲಿನವಳು ಎಂದುಕೊಳ್ಳುವವಳು. ಹುಡುಗ ಹಾರಿ ಗಲ್ಲಿಗೆ ಬಿದ್ದ, ಕನ್ನಡಕ ಒಂದು ಕಡೆ, ಅವನು ಒಂದು ಕಡೆ. ಸಿಂಧು ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು.

"ಅಯ್ಯೋ, ನಮ್ಮನೇಲೂ ಯಾರೂ ತುಳಿಯಲ್ಲ ಕಣೋ! ನಾನೂ ದಾಟೇ ಬರೋದು."

"ಮತ್ತೆ ಕಾಲೇಜಲ್ಲಿ ನೂರು ಸಲ ತುಳಿದೆಯಲ್ಲೇ?"

"ಅಲ್ಲಿ ಅದು ಬರೀ ಹಲಗೆ."

ಪೊರಕೆ ಕೆಳಗಿಟ್ಟು ಮುತ್ತಮ್ಮ ಹೊಸಿಲ ಮೇಲಿನ ಹೂ ಸರಿ ಮಾಡಿದಳು. ನಡೆದದ್ದು ಏನೆಂದು ನಾನು ಕರಿಯಪ್ಪನಿಗೆ ವಿವರಿಸಿದೆ. ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. ಅವಳಿಗೆ ಮಂಡಿ ನೋವು. ಆ ಎತ್ತರದ ಹೊಸಿಲನ್ನು ತುಳಿಯದೆ ದಾಟುವುದು ಹೇಗೆ ಎಂದು ಅವನ ತಲೆಗೆ ಹೊಳೆದಿರಬೇಕು. ಎದ್ದು ಬಾಗಿಲಿಗೆ ಹೋದ.

ಗುಜರಿಯವನಿಗೆ ಸಾಮಾನಿನ ಸವಕಲು ಓದಲು ಬರುತ್ತದೆ. ಸೌಟು ನೋಡಿದರೆ ಎಡಗೈಯವರೋ ಬಲಗೈಯವರೋ ಎಂದು ಹೇಳುತ್ತಾನೆ. ಚೊಂಬಿನ ಕಂಠ ನೋಡಿ ಆ ಮನೆಯಲ್ಲಿ ಎಷ್ಟು ಜನ ಎನ್ನುತ್ತಾನೆ. ಕರಿಯಪ್ಪ ಬಾಗಿಲ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಅಂಗೈಯಿಂದ ಸವರುತ್ತಾ ಬಂದ. ಒಳಗಿನಿಂದ ಬರುವಾಗ ಎಡಕ್ಕೆ ಸಿಗುವ ಕಂಬದಲ್ಲಿ, ನನ್ನ ಎದೆಯೆತ್ತರಕ್ಕೆ, ಅವನ ಕೈ ನಿಂತಿತು. ಅಲ್ಲಿ ಬಣ್ಣವೇ ಇರಲಿಲ್ಲ. ಮರ ಕಪ್ಪಗೆ ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ, ಅಂಗೈಯಷ್ಟು ಅಗಲಕ್ಕೆ ಹಳ್ಳ ಬಿದ್ದಿತ್ತು. ಎದುರು ಜಗಲಿಯಲ್ಲಿ ನಲವತ್ತು ವರ್ಷ ಕೂತ ನಾನು ಅದನ್ನು ನೋಡಿಯೇ ಇರಲಿಲ್ಲ.

"ಇಲ್ಲಿ ಮಡುಗ್ರಿ" ಎಂದ. "ಇವ್ಳು ಕಾಲೆತ್ಬೇಕಂದ್ರೆ ಇಲ್ಲಿ ಕೈ ಊರ್ಲೇಬೇಕು. ಮದ್ವೆಯಾಗಿ ಬಂದಾಗ್ನಿಂದ ಊರವ್ಳೆ."

ಸಿಂಧು ಆ ಹಳ್ಳದಲ್ಲಿ ತನ್ನ ಅಂಗೈ ಇಟ್ಟು ನೋಡಿದಳು.

ಕೆಲಸ ಎರಡೇ ದಿನದ್ದು. ಟೀವಿ ರಿಮೋಟಿನೊಳಗೆ ಗುಂಡಿಗಳ ಒಂದು ರಬ್ಬರು ಇರುತ್ತದೆ. ಕರಿಯಪ್ಪನ ಹತ್ತಿರ ಅಂಥ ರಿಮೋಟು ಒಂದು ಚೀಲ. ನಾಲ್ಕು ರಬ್ಬರನ್ನು ಸೇರಿಸಿ ಅಂಗೈಯಗಲ ಮಾಡಿ, ಮೇಲೆ ಹೊದಿಸಲು ತೆಳ್ಳನೆಯ ಮರದ ಹಾಳೆ ತಂದರು. ಹೊಸ ಮರ ಮುಟ್ಟಿದರೆ ಅವಳ ಕೈಗೆ ಗೊತ್ತಾಗುತ್ತದೆ, ಹೆದರಿ ಕೈ ತೆಗೆದುಬಿಡುತ್ತಾಳೆ ಎಂದು ಕರಿಯಪ್ಪ ಹಠ ಹಿಡಿದ. ರಾತ್ರಿ ಕೂತು ಎಳ್ಳೆಣ್ಣೆ ಹಚ್ಚಿ, ಚಿಂದಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ನಯ ಮಾಡಿದ. ಕೂರಿಸಿದ ಮೇಲೆ ಹೊಸದು ಯಾವುದು, ಹಳೆಯದು ಯಾವುದು ಎಂದು ನನಗೂ ತಿಳಿಯಲಿಲ್ಲ.

ಆಮೇಲೆ ಒಂದು ಸಲ ಬಿಟ್ಟರೆ ಅವಳು ಹೊರಟಾಗಲೆಲ್ಲ ಅವನು ಬಂದ. ಸಿಂಧು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಹನ್ನೆರಡರಲ್ಲಿ ಹನ್ನೊಂದು. ಹನ್ನೆರಡನೆಯದಕ್ಕೆ ಡಬ್ಬಿಯ ಚಾರ್ಜು ಮುಗಿದಿತ್ತು, ಚಾರ್ಜು ಹಾಕಲು ಕರಿಯಪ್ಪ ಮರೆತಿದ್ದ, ಅಂದು ನಾನೇ ನೋಡಿ ಹಿಡಿದೆ. ಅವನು ಬಂದರೂ ಅವಳನ್ನು ಎಳೆದುಕೊಂಡು ಒಳಗೆ ಹೋಗುತ್ತಿರಲಿಲ್ಲ. "ಎಲ್ಲಿಗೆ ಒಂಟೆ?" ಎನ್ನುವನು. ಉತ್ತರ ಅವಳ ತುಟಿಯಲ್ಲಿ ನೋಡಿಕೊಂಡು, "ನಡಿ, ನಾನೂ ಬತ್ತೀನಿ" ಎನ್ನುವನು. ಇಬ್ಬರೂ ಬೀದಿ ಕೊನೆಯ ತನಕವೋ, ಹೊಳೆಯ ಮೆಟ್ಟಿಲ ತನಕವೋ ನಡೆಯುವರು. ಅವಳಿಗೆ ದಣಿವಾದಾಗ ಅವಳೇ ತಿರುಗುವಳು.

ಸಂಕ್ರಾಂತಿಯ ದಿನ ಸುನೀತಾ ಬಂದಳು. ಮೈಸೂರಿನ ಆ ಮನೆಯಲ್ಲಿ ಒಂದು ಮಂಚ ಖಾಲಿಯಾಗುತ್ತದೆ, ಮುಂದಿನ ವಾರ ಕರೆತನ್ನಿ ಎಂದಿದ್ದಾರಂತೆ. ಬ್ಯಾಗಿನಲ್ಲಿ ಅದರ ಅರ್ಜಿಯೂ ಇತ್ತು. ಸಿಂಧು ನಮ್ಮ ಮನೆಗೆ ಎಳ್ಳು ಕೊಡುವ ನೆಪ ಮಾಡಿಕೊಂಡು ಬಂದು ಜಗಲಿಯ ಮೇಲೆ ಕೂತಿದ್ದಳು. ನಾನು ಸುನೀತಾಳನ್ನೂ ಪಕ್ಕಕ್ಕೆ ಕೂರಿಸಿಕೊಂಡೆ.

"ಅಪ್ಪಂಗೆ ಯಾವ್ದೋ ಡಬ್ಬಿ ಕಟ್ಟವ್ರಂತೆ. ದಾರೀಲಿ ಸಿಕ್ದೋರೆಲ್ಲ ಏಳಿ ನಗಾಡುದ್ರು" ಎಂದಳು. "ಆಟದ್ ಸಾಮಾನು ನಂಬ್ಕೊಂಡು ನಮ್ಮವ್ವನ್ನ ಎಂಗ್ ಬುಡ್ಲಿ, ಏಳು ದೊಡ್ಡವ್ವ."

"ನಂಬಬ್ಯಾಡ. ಕೂತ್ಕೊಂಡು ನೋಡು" ಎಂದೆ.

ಊಟವಾಗಿ ಬೀದಿ ಸುಮ್ಮನಾಯಿತು. ಬಾಗಿಲಲ್ಲಿ ಮುತ್ತಮ್ಮ ಕಾಣಿಸಿದಳು. ಅವಳ ಎರಡೂ ಕೈಯಲ್ಲಿ ತಟ್ಟೆ ಇತ್ತು. ತುಂಬ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಒಂದು ಕಬ್ಬಿನ ತುಂಡು. ಕಂಬಕ್ಕೆ ಊರಲು ಕೈ ಎಲ್ಲಿದೆ? ಸಿಂಧು ನನ್ನ ಸೆರಗಿನ ತುದಿಯನ್ನು ಮುದುರಿ ಹಿಡಿದುಕೊಂಡಳು.

ಮುತ್ತಮ್ಮ ಹೊಸಿಲ ತನಕ ಬಂದು ನಿಂತಳು. ಕೆಳಗೆ ನೋಡಿದಳು. ಒಂದು ಕಾಲು ಅರ್ಧ ಎತ್ತಿ ಮತ್ತೆ ಇಳಿಸಿದಳು. ತಟ್ಟೆಯನ್ನು ನಿಧಾನವಾಗಿ ಬಲಗೈಗೆ ತೆಗೆದುಕೊಂಡು ಸೊಂಟಕ್ಕೆ ಆನಿಸಿಕೊಂಡಳು. ಎಡಗೈ ತಾನಾಗಿ ಕಂಬಕ್ಕೆ ಹೋಯಿತು. ಊರಿ, ಮೈ ಭಾರ ಬಿಟ್ಟು, ಒಂದು ಕಾಲು ದಾಟಿಸಿದಳು, ಇನ್ನೊಂದು ಕಾಲು ದಾಟಿಸಿದಳು.

ಅವಳು ಗಲ್ಲಿಯಲ್ಲಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ದೊಡ್ಡ ರಸ್ತೆಯ ಕಡೆಯಿಂದ ಕರಿಯಪ್ಪ ತಿರುವಿನಲ್ಲಿ ಬಂದ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಎಲ್ಲಿಗೆ ಒಂಟೆ?"

"ಸೋಸಲೆಗೆ. ಅವ್ವಂಗೆ ಎಳ್ಳು ಕೊಡ್ಬೇಕು."

"ನಡಿ, ನಾನೂ ಬತ್ತೀನಿ. ತಟ್ಟೆ ಕೊಡು."

"ನೀನ್ ಚೆಲ್ಲಾಡ್ತೀಯೆ" ಎಂದು ಅವಳು ತಟ್ಟೆಯನ್ನು ಆ ಕಡೆಗೆ ತಿರುಗಿಸಿಕೊಂಡಳು.

ಸುನೀತಾ ಎದ್ದು ನಿಂತಿದ್ದಳು. ಬ್ಯಾಗನ್ನು ನನ್ನ ಮಡಿಲಿಗೆ ಹಾಕಿ, ಬಿರಬಿರನೆ ಹೋಗಿ ಅವ್ವನ ಇನ್ನೊಂದು ಪಕ್ಕಕ್ಕೆ ಸೇರಿಕೊಂಡಳು. ಕರಿಯಪ್ಪ ಅಂಗಡಿಯನ್ನು ಹಾಗೇ ತೆರೆದು ಬಿಟ್ಟು ಬಂದಿದ್ದರಿಂದ ನಾನೂ ಸಿಂಧುವೂ ಹೋಗಿ ತಕ್ಕಡಿಯ ಹತ್ತಿರ ಕೂತೆವು. ಒಬ್ಬ ಒಡೆದ ಕುಕ್ಕರು ತಂದ. ತಟ್ಟಿ ನೋಡುವವನು ಇಲ್ಲ, ಇಟ್ಟು ಹೋಗಪ್ಪ ಎಂದೆ.

ಹೊತ್ತು ಇಳಿಯುವಾಗ ಮೂವರೂ ವಾಪಸ್ಸು ಬಂದರು. ತಟ್ಟೆ ಖಾಲಿ. ದಾರಿಯಲ್ಲಿ ಬಾಗಿಲಲ್ಲಿ ಕಂಡ ಹೆಂಗಸರಿಗೆಲ್ಲ, "ತಗೊಳವ್ವ, ತಗೊಳವ್ವ" ಎಂದು ಮುತ್ತಮ್ಮ ಎಳ್ಳು ಹಂಚಿದಳಂತೆ. ಅವರೆಲ್ಲ ಅವಳ ಕೆನ್ನೆ ಸವರಿ ಒಂದೊಂದು ಹಿಡಿ ತಮ್ಮದನ್ನೂ ಕೊಟ್ಟರಂತೆ, ಅದನ್ನೂ ಮುಂದಿನ ಮನೆಯವರಿಗೆ ಕೊಟ್ಟಳಂತೆ. ತಟ್ಟೆ ಬರಿದಾದ ಮೇಲೆ ಸೋಸಲೆಯ ಮಾತೇ ಎತ್ತಲಿಲ್ಲವಂತೆ. ಸುನೀತಾಳ ಮೂಗು ಕೆಂಪಗಿತ್ತು. ಅವ್ವನನ್ನು ಒಳಗೆ ಮಲಗಿಸಿ ಬಂದು, ನನ್ನಿಂದ ಬ್ಯಾಗು ತೆಗೆದುಕೊಂಡು, ಸಿಂಧುವಿನ ಕಡೆ ತಿರುಗಿದಳು.

"ಆ ಡಬ್ಬಿ ಚಾರ್ಜು ಎಷ್ಟ್ ದಿನ ನಿಲ್ತದೆ?"

"ನಾಲ್ಕು ದಿನ ಅಕ್ಕ."

"ಅಪ್ಪಂಗೆ ನೆಪ್ಪಿರಲ್ಲ. ಬುಧವಾರ ಶಿಫ್ಟ್ ಮುಗಿಸ್ಕೊಂಡು ಬತ್ತೀನಿ, ಭಾನುವಾರ ಎಂಗೂ ರಜಾ. ಚಾರ್ಜಿಗೆ ಎಂಗ್ ಆಕೋದು ತೋರ್ಸು."

ಸಿಂಧು ತೋರಿಸಿದಳು. ಸುನೀತಾ ಎರಡು ಸಲ ತಾನೇ ಹಾಕಿ ತೆಗೆದು ಕಲಿತಳು. ಉಡಿದಾರದಿಂದ ಡಬ್ಬಿ ಬಿಚ್ಚಿಸಿಕೊಂಡಿದ್ದ ಕರಿಯಪ್ಪ ಪಂಚೆ ಬಿಗಿ ಮಾಡಿಕೊಳ್ಳುತ್ತಾ ನನ್ನ ಬಾಯಿ ನೋಡಿದ.

"ಏನಂತೆ ಅಕ್ಕ?"

"ಬುಧವಾರ ಬತ್ತಾಳಂತೆ. ಭಾನುವಾರನೂ ಬತ್ತಾಳಂತೆ" ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದ, ತಪ್ಪಾಗಿ ತಿಳಿದೆನೋ ಎನ್ನುವ ಹಾಗೆ. ನಾನು ಇನ್ನೊಂದು ಸಲ ಹೇಳಿದೆ.

"ಬರ್ಲಿ" ಎಂದ. ಕುಕ್ಕರನ್ನು ಎತ್ತಿ ದವಡೆಗೆ ಒತ್ತಿಕೊಂಡು, ತಟ್ಟುವುದನ್ನು ಮರೆತು, ಹಾಗೇ ಕೂತಿದ್ದ.